ಸವೆಯುವ ಬೆರಳು, ಸವೆಯದ ಅಚ್ಚು

ಬೆಳಗಾವಿ ಜಿಲ್ಲೆಯ ಉತ್ತರ ಭಾಗದಲ್ಲಿ ಮಹಾರಾಷ್ಟ್ರದ ಗಡಿಗೆ ಒತ್ತಿಕೊಂಡಿರುವ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ತಾಲ್ಲೂಕುಗಳ ಬದುಕು ಇಂದಿಗೂ ಬಹುಮಟ್ಟಿಗೆ ಕೈಕೆಲಸವನ್ನೇ ನೆಚ್ಚಿಕೊಂಡಿದೆ. ನಿಪ್ಪಾಣಿಯ ತಂಬಾಕು ಮತ್ತು ಬೀಡಿ, ಕೃಷ್ಣಾ ಹಾಗೂ ದೂಧಗಂಗಾ ದಂಡೆಗಳ ಕಬ್ಬು, ಅಥಣಿ ಸೀಮೆಯ ಚರ್ಮದ ಚಪ್ಪಲಿ, ಈ ಮೂರರಲ್ಲಿಯೂ ಯಂತ್ರಕ್ಕಿಂತ ಬೆರಳಿಗೆ ಹೆಚ್ಚು ಕೆಲಸ. ಇದೇ ಬೆರಳುಗಳನ್ನು ಸರ್ಕಾರವೂ ಬ್ಯಾಂಕುಗಳೂ ಕಳೆದ ಒಂದೂವರೆ ದಶಕದಲ್ಲಿ ಮತ್ತೊಂದು ಕೆಲಸಕ್ಕೆ ಹಚ್ಚಿವೆ. ರೇಷನ್ ಅಂಗಡಿಯ ಯಂತ್ರದ ಮೇಲೆ, ಬ್ಯಾಂಕ್ ಮಿತ್ರನ ಕೈಯಳತೆಯ ಉಪಕರಣದ ಮೇಲೆ, ಉಪನೋಂದಣಿ ಕಚೇರಿಯ ಮೇಜಿನ ಮೇಲೆ ಬೆರಳಿಟ್ಟು ತಾನು ತಾನೇ ಎಂದು ರುಜುವಾತುಪಡಿಸಬೇಕಾದ ಪ್ರಸಂಗ ಪ್ರತಿ ಕುಟುಂಬಕ್ಕೂ ತಿಂಗಳಿಗೊಮ್ಮೆಯಾದರೂ ಬರುತ್ತದೆ. ಹೀಗೆ ದೇಹದ ಲಕ್ಷಣವೊಂದನ್ನು ಅಳೆದು ವ್ಯಕ್ತಿಯನ್ನು ಗುರುತಿಸುವ ವಿಧಾನವೇ ಬಯೋಮೆಟ್ರಿಕ್ಸ್, ಅಂದರೆ ಜೈವಿಕ ಗುರುತು. ಅದರ ಬಗ್ಗೆ ಕೇಳಬೇಕಾದ ಪ್ರಶ್ನೆಗಳು ಎರಡು: ಬೆರಳಿನ ಒಡತಿಗೆ ಆ ಬೆರಳು ಯಾವಾಗ ಉಪಯೋಗಕ್ಕೆ ಬಾರದೆ ಹೋಗುತ್ತದೆ, ಮತ್ತು ಆಕೆಯಲ್ಲದವರಿಗೆ ಅದು ಯಾವಾಗ ಉಪಯೋಗಕ್ಕೆ ಬರುತ್ತದೆ. ಗಡಿನಾಡಿನ ಈ ಐದು ತಾಲ್ಲೂಕುಗಳಲ್ಲಿ ಎರಡೂ ಪ್ರಶ್ನೆಗಳು ಒಂದೇ ಕೈಯನ್ನು ಕುರಿತು ಏಳುತ್ತವೆ.

ಬೆರಳ ತುದಿಯ ಗೆರೆಗಳು ಮಗು ತಾಯಿಯ ಗರ್ಭದಲ್ಲಿರುವಾಗಲೇ, ಸುಮಾರು ಹತ್ತನೆಯ ವಾರದ ಬಳಿಕ ಮೂಡಲಾರಂಭಿಸುತ್ತವೆ. ಚರ್ಮದ ಹೊರಪದರದ ತಳದಲ್ಲಿರುವ ಕೋಶಗಳು ಕೆಲವೆಡೆ ವೇಗವಾಗಿ ವಿಭಜನೆಗೊಂಡು ಏಣುಗಳಾಗುತ್ತವೆ, ಅವುಗಳ ನಡುವೆ ಉಳಿದ ಭಾಗ ಕಣಿವೆಯಾಗುತ್ತದೆ. ಗಣಿತಜ್ಞ ಆಲನ್ ಟ್ಯೂರಿಂಗ್ 1952ರಲ್ಲಿ ಪ್ರಕಟಿಸಿದ ಲೇಖನವೊಂದರಲ್ಲಿ, ಒಂದನ್ನೊಂದು ಪ್ರಚೋದಿಸುವ ಮತ್ತು ತಡೆಯುವ ರಾಸಾಯನಿಕಗಳು ಅಂಗಾಂಶದಲ್ಲಿ ಬೇರೆ ಬೇರೆ ವೇಗದಲ್ಲಿ ಹರಡಿದರೆ ಪಟ್ಟೆ ಮತ್ತು ಚುಕ್ಕೆಗಳು ತಾವಾಗಿಯೇ ರೂಪುಗೊಳ್ಳಬಲ್ಲವು ಎಂದು ತೋರಿಸಿದ್ದರು. ಬೆರಳಚ್ಚು ಅಂಥದೇ ಪಟ್ಟೆಗಳ ವಿನ್ಯಾಸ ಎಂಬುದನ್ನು ಎಡಿನ್‌ಬರೋದ ವಿಜ್ಞಾನಿಗಳ ನೇತೃತ್ವದ ತಂಡವೊಂದು 2023ರಲ್ಲಿ ಪ್ರಯೋಗಗಳಿಂದ ದೃಢಪಡಿಸಿತು. ಏಣುಗಳು ಬೆರಳಿನ ಮೆತ್ತೆಯ ನಡುವಿನಿಂದ, ಉಗುರಿನ ಅಂಚಿನಿಂದ ಮತ್ತು ಗೆಣ್ಣಿನ ಮಡಿಕೆಯಿಂದ ಅಲೆಗಳಂತೆ ಹೊರಟು ಒಂದನ್ನೊಂದು ಸಂಧಿಸುವ ಸ್ಥಳಗಳಲ್ಲಿ ಸುಳಿ, ಕುಣಿಕೆ, ಕಮಾನುಗಳು ಹುಟ್ಟುತ್ತವೆ. ಆ ಸಂಧಿಯ ಸೂಕ್ಷ್ಮ ವಿವರಗಳನ್ನು ವಂಶವಾಹಿಗಳು ಸಂಪೂರ್ಣವಾಗಿ ನಿರ್ಧರಿಸುವುದಿಲ್ಲವಾದ್ದರಿಂದ ಏಕರೂಪಿ ಅವಳಿಗಳ ಬೆರಳಚ್ಚು ಕೂಡ ಒಂದೇ ಆಗಿರುವುದಿಲ್ಲ.

ಮೇಲ್ಚರ್ಮ ತಿಂಗಳು, ಒಂದೂವರೆ ತಿಂಗಳಿಗೊಮ್ಮೆ ಹೊಸದಾಗುತ್ತಿರುತ್ತದೆ. ವಿನ್ಯಾಸದ ಮೂಲ ತಳಪದರದಲ್ಲಿ ಇರುವುದರಿಂದ ಮೇಲೆ ತರಚಿ ಹೋದ ಗೆರೆ ಮತ್ತೆ ಹಾಗೆಯೇ ಮೂಡುತ್ತದೆ, ಆಳವಾದ ಗಾಯವಷ್ಟೇ ಅದನ್ನು ಶಾಶ್ವತವಾಗಿ ಕೆಡಿಸಬಲ್ಲದು. ಬೆರಳಚ್ಚು ಬದುಕಿನುದ್ದಕ್ಕೂ ಬದಲಾಗದು ಎಂದು ಪಠ್ಯಪುಸ್ತಕಗಳು ಹೇಳುವುದು ಈ ಕಾರಣಕ್ಕೆ. ಆದರೆ ಚರ್ಮ ಬೆಳೆಯುವ ವೇಗಕ್ಕಿಂತ ಸವೆಯುವ ವೇಗ ಹೆಚ್ಚಾದರೆ ಏನಾಗುತ್ತದೆ ಎಂಬುದನ್ನು ಅದೇ ಪುಸ್ತಕಗಳು ಸಾಮಾನ್ಯವಾಗಿ ಕೇಳುವುದಿಲ್ಲ. ಅದಕ್ಕೆ ಉತ್ತರವಿರುವುದು ನಿಪ್ಪಾಣಿಯ ಓಣಿಗಳಲ್ಲಿ.

ಬೀಡಿ ಕಟ್ಟುವಾಕೆ ನೀರಿನಲ್ಲಿ ನೆನೆಸಿ ಮೆತ್ತಗಾದ ಎಲೆಯನ್ನು ತಗಡಿನ ಅಳತೆಯಿಟ್ಟು ಕತ್ತರಿಸುತ್ತಾಳೆ, ಚಿಟಿಕೆ ತಂಬಾಕನ್ನು ಅದರ ಮೇಲೆ ಉದ್ದಕ್ಕೆ ಹರಡಿ ಎರಡೂ ಕೈಗಳ ಹೆಬ್ಬೆರಳು ಮತ್ತು ತೋರುಬೆರಳುಗಳ ನಡುವೆ ಹೊರಳಿಸಿ ಸುತ್ತುತ್ತಾಳೆ, ತುದಿಯನ್ನು ಒಳಕ್ಕೆ ಮಡಚಿ ಒತ್ತಿ ದಾರ ಬಿಗಿಯುತ್ತಾಳೆ. ಒಣ ತಂಬಾಕಿನ ಕಣ, ಒರಟು ಎಲೆ, ಬಿಗಿ ದಾರ, ಪದೇ ಪದೇ ತೇವವಾಗಿ ಒಣಗುವ ಚರ್ಮ, ಇಷ್ಟೂ ಒಂದು ಚದರ ಅಂಗುಲಕ್ಕಿಂತ ಕಿರಿದಾದ ಜಾಗದಲ್ಲಿ ಕೂಡುತ್ತವೆ. ಕೂಲಿಯ ಲೆಕ್ಕ ಸಾವಿರ ಬೀಡಿಗೆ ಇಷ್ಟು ಎಂದು ಇರುವುದರಿಂದ ಈ ಉಜ್ಜಾಟ ದಿನಕ್ಕೆ ನೂರಾರು ಬಾರಿ, ಎಷ್ಟೋ ವೇಳೆ ಸಾವಿರದ ಸಮೀಪ ನಡೆಯುತ್ತದೆ. ತಂಬಾಕಿನ ವಖಾರಿಗಳಲ್ಲಿ ದುಡಿಯುವ ಹೆಂಗಸರ ಸ್ಥಿತಿಯನ್ನೂ ಹೋರಾಟವನ್ನೂ ಯುಗಾಂತರ್ ಎಂಬ ಮಹಿಳಾ ತಂಡ 1982ರಲ್ಲಿಯೇ ಸಾಕ್ಷ್ಯಚಿತ್ರವಾಗಿ ದಾಖಲಿಸಿತ್ತು. ಅಂದಿನ ಹೋರಾಟ ಕೂಲಿ, ದೂಳು ಮತ್ತು ಮರ್ಯಾದೆಗಾಗಿ ನಡೆದಿತ್ತು, ಸವೆದ ಬೆರಳು ಒಂದು ದಿನ ಅಕ್ಕಿಗೂ ಅಡ್ಡಬರಬಹುದೆಂದು ಯಾರೂ ಊಹಿಸುವಂತಿರಲಿಲ್ಲ. ಕಬ್ಬು ಕಡಿಯುವ ಗ್ಯಾಂಗಿನವರ ಅಂಗೈಯನ್ನು ಕೊಯ್ತದ ಹಿಡಿಯೂ ಕಬ್ಬಿನ ಗರಿಯ ಗರಗಸದಂಥ ಅಂಚೂ ಒರಟಾಗಿಸುತ್ತವೆ. ಚರ್ಮ ಹದ ಮಾಡುವಾಗ ಕೂದಲು ತೆಗೆಯಲು ಬಳಸುವ ಸುಣ್ಣವಂತೂ ದನದ ಚರ್ಮಕ್ಕೂ ಮನುಷ್ಯನ ಚರ್ಮಕ್ಕೂ ಭೇದ ಎಣಿಸುವುದಿಲ್ಲ.

ಯಂತ್ರ ಇಂಥ ಬೆರಳನ್ನು ಹೇಗೆ ನೋಡುತ್ತದೆ? ರೇಷನ್ ಅಂಗಡಿಯಲ್ಲಿರುವ ಸಾಮಾನ್ಯ ಸ್ಕ್ಯಾನರಿನ ಗಾಜಿನ ಕೆಳಗಿನಿಂದ ಬೆಳಕು ಓರೆಯಾಗಿ ಬಂದು ಗಾಜಿನ ಒಳಮೈಗೆ ಬಡಿದು ಪೂರ್ಣವಾಗಿ ಪ್ರತಿಫಲಿಸುತ್ತಿರುತ್ತದೆ. ಬೆರಳಿನ ಏಣು ಗಾಜನ್ನು ತಾಗಿದ ಕಡೆಗಳಲ್ಲಿ ಮಾತ್ರ ಆ ಪ್ರತಿಫಲನ ಮುರಿದು ಕಪ್ಪು ಗೆರೆ ಕಾಣುತ್ತದೆ, ಕಣಿವೆಯಿರುವೆಡೆ ಗಾಳಿ ಉಳಿಯುವುದರಿಂದ ಬಿಳಿ ಕಾಣುತ್ತದೆ. ಅಂದರೆ ಚಿತ್ರ ಮೂಡಬೇಕಾದರೆ ಏಣಿಗೆ ಎತ್ತರವೂ ಇರಬೇಕು, ಗಾಜಿಗೆ ಅಂಟುವಷ್ಟು ತೇವವೂ ಇರಬೇಕು. ಸವೆದ ಬೆರಳಿಗೆ ಮೊದಲನೆಯದು ಇಲ್ಲ, ಬೇಸಿಗೆಯಲ್ಲಿ ಒಣಗಿ ಬಿರಿದ ಬೆರಳಿಗೆ ಎರಡನೆಯದಿಲ್ಲ, ವಯಸ್ಸಾದವರಿಗೆ ಎರಡೂ ಇಲ್ಲ. ಅಂಗಡಿಕಾರರು ಬೆರಳನ್ನು ಒದ್ದೆ ಬಟ್ಟೆಗೆ ಒರೆಸಿ ಎಂದೋ ತಲೆಗೂದಲಿಗೆ ಉಜ್ಜಿ ಎಂದೋ ಹೇಳುವುದರ ಹಿಂದೆ ಅವರಿಗೆ ಗೊತ್ತಿಲ್ಲದೆಯೇ ಭೌತವಿಜ್ಞಾನದ ಈ ನಿಯಮ ಕೆಲಸ ಮಾಡುತ್ತಿರುತ್ತದೆ.

ಚಿತ್ರ ಮೂಡಿದ ಮೇಲೆ ಗಣಕದ ಕೆಲಸ ಶುರುವಾಗುತ್ತದೆ. ಗೆರೆಯೊಂದು ಕೊನೆಗೊಳ್ಳುವ ಅಥವಾ ಎರಡಾಗಿ ಕವಲೊಡೆಯುವ ಬಿಂದುಗಳನ್ನು ಅದು ಹುಡುಕಿ, ಪ್ರತಿ ಬಿಂದುವಿನ ಸ್ಥಾನವನ್ನೂ ದಿಕ್ಕನ್ನೂ ಸಂಖ್ಯೆಗಳಾಗಿ ಬರೆದುಕೊಂಡು, ನೋಂದಣಿಯ ದಿನ ಸಂಗ್ರಹಿಸಿದ ಬಿಂದುಗಳೊಡನೆ ಹೋಲಿಸುತ್ತದೆ. ಒಂದೇ ಬೆರಳನ್ನು ಎರಡು ಬಾರಿ ಇಟ್ಟರೂ ಒತ್ತಡ ಮತ್ತು ಓರೆ ಬೇರೆಯಾಗುವುದರಿಂದ ಹೋಲಿಕೆ ಎಂದೂ ನೂರಕ್ಕೆ ನೂರು ಇರದು. ಇಷ್ಟು ಅಂಕ ಬಂದರೆ ಒಪ್ಪು, ಕಡಿಮೆಯಾದರೆ ತಿರಸ್ಕರಿಸು ಎಂಬ ಒಂದು ಗಡಿ ಮಾತ್ರ ಇರುತ್ತದೆ. ಆ ಗಡಿಯ ಗುಣ ತಂಬಾಕು ಸಾಣಿಸುವ ಜರಡಿಯದು: ಕಣ್ಣು ಕಿರಿದು ಮಾಡಿದರೆ ಒಳ್ಳೆಯ ಮಾಲೂ ಮೇಲೆಯೇ ಉಳಿಯುತ್ತದೆ, ಹಿರಿದು ಮಾಡಿದರೆ ಕಡ್ಡಿಕಸವೂ ಕೆಳಗಿಳಿಯುತ್ತದೆ. ಹಕ್ಕುಳ್ಳವರನ್ನು ತಿರಸ್ಕರಿಸುವ ತಪ್ಪು ಮತ್ತು ಹಕ್ಕಿಲ್ಲದವರನ್ನು ಒಪ್ಪುವ ತಪ್ಪು, ಇವೆರಡನ್ನೂ ಒಂದೇ ಯಂತ್ರದಲ್ಲಿ ಒಮ್ಮೆಗೇ ಸೊನ್ನೆಗಿಳಿಸಲು ಬರುವುದಿಲ್ಲ. ಆದ್ದರಿಂದ ಗಡಿಯನ್ನು ಎಲ್ಲಿಡಬೇಕೆಂಬುದು ತಾಂತ್ರಿಕ ನಿರ್ಧಾರದಂತೆ ಕಂಡರೂ ಯಾರ ತೊಂದರೆಯನ್ನು ಎಷ್ಟು ಸಹಿಸಬಹುದೆಂಬ ಆಡಳಿತದ ನಿರ್ಧಾರವೇ ಆಗಿರುತ್ತದೆ.

ಆಧಾರ್ ಪ್ರಕರಣದ ವಿಚಾರಣೆಯ ವೇಳೆ 2018ರ ಮಾರ್ಚ್‌ನಲ್ಲಿ ವಿಶಿಷ್ಟ ಗುರುತು ಪ್ರಾಧಿಕಾರ ಸುಪ್ರೀಂ ಕೋರ್ಟಿನ ಮುಂದಿಟ್ಟ ಅಂಕಿಗಳ ಪ್ರಕಾರ ಬೆರಳಚ್ಚಿನ ದೃಢೀಕರಣ ದೇಶದ ಸರಾಸರಿಯಲ್ಲಿ ಶೇ. 6ರಷ್ಟು, ಕಣ್ಣಿನ ಪಾಪೆಯ ದೃಢೀಕರಣ ಶೇ. 8.54ರಷ್ಟು ವಿಫಲವಾಗುತ್ತಿತ್ತು. ಅದಕ್ಕೂ ಹಿಂದೆ 2016–17ರ ಆರ್ಥಿಕ ಸಮೀಕ್ಷೆ ಜಾರ್ಖಂಡಿನಲ್ಲಿ ಶೇ. 49, ರಾಜಸ್ಥಾನದಲ್ಲಿ ಶೇ. 37, ಗುಜರಾತಿನಲ್ಲಿ ಶೇ. 6ರಷ್ಟು ವೈಫಲ್ಯದ ಅಂದಾಜುಗಳನ್ನು ಉಲ್ಲೇಖಿಸಿತ್ತು. ಶೇ. 6 ಎಂದರೆ ಚಿಕ್ಕದಾಗಿ ಕೇಳಿಸುತ್ತದೆ. 500 ಕಾರ್ಡುಗಳಿರುವ ಒಂದು ಅಂಗಡಿಗೆ ಅದನ್ನು ಹೊಂದಿಸಿದರೆ 30 ಮನೆಗಳಾಗುತ್ತವೆ. ಅದಕ್ಕಿಂತ ಮುಖ್ಯವಾದ ಮಾತೆಂದರೆ ಸರಾಸರಿ ಎಂಬುದು ತಪ್ಪನ್ನು ಎಲ್ಲರಿಗೂ ಸಮನಾಗಿ ಹಂಚಿದಂತೆ ತೋರಿಸುತ್ತದೆ. ಕಚೇರಿ ಗುಮಾಸ್ತನ ಬೆರಳು ಪ್ರತಿ ಬಾರಿಯೂ ಒಪ್ಪಿಗೆಯಾಗಿ ಬೀಡಿ ಕಟ್ಟುವಾಕೆಯ ಬೆರಳು ತಿಂಗಳು ತಿಂಗಳೂ ತಿರಸ್ಕೃತವಾದರೂ ಆ ಸಂಖ್ಯೆ ಕದಲುವುದಿಲ್ಲ. ನಿಪ್ಪಾಣಿಯಂಥ ಪಟ್ಟಣದ ಬಗ್ಗೆ ರಾಷ್ಟ್ರೀಯ ಸರಾಸರಿ ಏನನ್ನೂ ಹೇಳುವುದಿಲ್ಲ ಎಂದರೆ ಅತಿಶಯೋಕ್ತಿಯಾಗದು.

ಬೆರಳು ಒಪ್ಪದಿದ್ದಾಗ ಬೇರೆ ದಾರಿಗಳಿವೆ. ಹತ್ತು ಬೆರಳುಗಳಲ್ಲಿ ಯಾವುದು ಚೆನ್ನಾಗಿ ಓದಿಸಿಕೊಳ್ಳುತ್ತದೆ ಎಂದು ಪರೀಕ್ಷಿಸಿ ಅದನ್ನೇ ಬಳಸುವುದು, ಕಣ್ಣಿನ ಪಾಪೆಯನ್ನು ತೋರಿಸುವುದು, ಮೊಬೈಲಿಗೆ ಬರುವ ಒಂದು ಬಾರಿಯ ಗುಪ್ತಸಂಖ್ಯೆಯನ್ನು, ಅಂದರೆ ಒಟಿಪಿಯನ್ನು ಹೇಳುವುದು ಇತ್ಯಾದಿ. ನಿಯಮದಂತೆ ದೃಢೀಕರಣ ವಿಫಲವಾದ ಮಾತ್ರಕ್ಕೆ ಹಕ್ಕಿನ ಸೌಲಭ್ಯವನ್ನು ನಿರಾಕರಿಸುವಂತಿಲ್ಲ. ಆದರೆ ನಿಯಮ ಓದಿದ ಅಂಗಡಿಕಾರನಿಗಿಂತ ಸರ್ವರ್ ಡೌನ್ ಎನ್ನುವ ಅಂಗಡಿಕಾರನೇ ಸುಲಭವಾಗಿ ಸಿಗುತ್ತಾನೆ, ಮತ್ತು ಒಂದು ದಿನದ ಕೂಲಿ ಬಿಟ್ಟು ಮತ್ತೆ ಬರುವ ಖರ್ಚು ಯಾವ ಅಂಕಿಅಂಶದಲ್ಲಿಯೂ ದಾಖಲಾಗುವುದಿಲ್ಲ.

ಇಷ್ಟರಿಂದ ಜೈವಿಕ ಗುರುತೇ ಬೇಡವಾಗಿತ್ತು ಎಂದು ತೀರ್ಮಾನಿಸುವುದು ನ್ಯಾಯವಾಗದು. 2005, 2019 ಮತ್ತು 2021ರಲ್ಲಿ ಕೃಷ್ಣೆ ಉಕ್ಕಿ ಹರಿದಾಗ ನದಿದಂಡೆಯ ಹಳ್ಳಿಗಳಲ್ಲಿ ನೀರು ಮನೆಯೊಳಗೇ ನುಗ್ಗಿತ್ತು, ಟ್ರಂಕಿನಲ್ಲಿಟ್ಟ ಕಾಗದಪತ್ರಗಳು ಹೋದರೂ ವ್ಯಕ್ತಿಯ ಗುರುತು ದೂರದ ದತ್ತಾಂಶ ಕೇಂದ್ರದಲ್ಲಿ ಉಳಿಯುವುದೆಂಬುದು ಅಂಥ ಹೊತ್ತಿನಲ್ಲಿ ಸಣ್ಣ ಅನುಕೂಲವಲ್ಲ. ಒಬ್ಬರೇ ಎರಡು ಕಾರ್ಡು ಮಾಡಿಸುವುದು ಕಷ್ಟವಾದದ್ದೂ ಇದೇ ತಂತ್ರಜ್ಞಾನದಿಂದ. ಗಡಿಯಾಚೆಯ ಕಾಗಲ, ಶಿರೋಳ, ಮಿರಜಗಳಿಂದ ಮದುವೆಯಾಗಿ ಬಂದ ಹೆಣ್ಣುಮಗಳ ಹೆಸರು ತವರಿನ ದಾಖಲೆಯಲ್ಲಿ ಮರಾಠಿಯಲ್ಲಿಯೂ ಗಂಡನ ಮನೆಯ ರೇಷನ್ ಕಾರ್ಡಿನಲ್ಲಿ ಕನ್ನಡದಲ್ಲಿಯೂ ಇದ್ದು, ಇಂಗ್ಲಿಷ್ ಕಾಗುಣಿತ ಎರಡು ಕಡೆ ಎರಡಾಗಿರುವುದು ಇಲ್ಲಿ ದಿನನಿತ್ಯದ ತಾಪತ್ರಯ, ಬೆರಳಿಗೆ ಮಾತ್ರ ಕಾಗುಣಿತದ ಕಾಟವಿಲ್ಲ.

ಬೆರಳು ಒಡತಿಯಲ್ಲದವರಿಗೆ ಯಾವಾಗ ಉಪಯೋಗಕ್ಕೆ ಬರುತ್ತದೆ ಎಂಬ ಎರಡನೆಯ ಪ್ರಶ್ನೆಗೆ ಬರುವ ಮುನ್ನ ಬೆರಳಚ್ಚಿನ ಇತಿಹಾಸದ ಒಂದು ಘಟನೆಯನ್ನು ನೆನೆಯಬೇಕು. ಬಂಗಾಳದ ಜಂಗೀಪುರದಲ್ಲಿ ಅಧಿಕಾರಿಯಾಗಿದ್ದ ವಿಲಿಯಂ ಹರ್ಷೆಲ್ 1858ರ ಜುಲೈನಲ್ಲಿ ರಸ್ತೆ ಸಾಮಗ್ರಿ ಪೂರೈಸುವ ರಾಜ್ಯಧರ ಕೊನಾಯ್ ಎಂಬ ಗುತ್ತಿಗೆದಾರನ ಕೈಯಚ್ಚನ್ನು ಕರಾರಿನ ಮೇಲೆ ಒತ್ತಿಸಿಕೊಂಡ. ಉದ್ದೇಶ ಒಂದೇ, ಮುಂದೆ ಅವನು ಈ ಕರಾರು ತನ್ನದಲ್ಲ ಎನ್ನಬಾರದು. 1897ರಲ್ಲಿ ಕಲ್ಕತ್ತೆಯಲ್ಲಿ ಸ್ಥಾಪನೆಯಾದ ಬೆರಳಚ್ಚು ಕಚೇರಿಯಲ್ಲಿ ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್ ವರ್ಗೀಕರಣದ ಪದ್ಧತಿಯನ್ನು ಬೆಳೆಸಿದರು, ಅದು ಲೋಕದಲ್ಲಿ ಹೆಸರಾದದ್ದು ಮಾತ್ರ ಅವರ ಮೇಲಧಿಕಾರಿ ಎಡ್ವರ್ಡ್ ಹೆನ್ರಿಯ ಹೆಸರಿನಿಂದ. ಈ ಎಲ್ಲ ಬಳಕೆಗಳಲ್ಲಿಯೂ ಬೆರಳಚ್ಚು ಕಾಗದದ ಮೇಲೆ ಎಲ್ಲರಿಗೂ ಕಾಣುವಂತೆ ಇರಬೇಕಾದ ಸಾಕ್ಷಿಯಾಗಿತ್ತು, ಗುಟ್ಟಾಗಿಡಬೇಕಾದ ವಸ್ತುವಾಗಿರಲಿಲ್ಲ. ಇಪ್ಪತ್ತೊಂದನೆಯ ಶತಮಾನ ಅದೇ ಅಚ್ಚನ್ನು ಹಣದ ಖಾತೆ ತೆರೆಯುವ ಗುಪ್ತಪದದ ಸ್ಥಾನದಲ್ಲಿ ಕೂರಿಸಿತು, ಗೊಂದಲ ಹುಟ್ಟಿದ್ದು ಅಲ್ಲಿ. ಗುಪ್ತಪದಕ್ಕೆ ಎರಡು ಗುಣ ಬೇಕು: ಅದು ಒಡೆಯನಿಗೆ ಮಾತ್ರ ತಿಳಿದಿರಬೇಕು, ಬಯಲಾದರೆ ಬದಲಿಸಲು ಬರಬೇಕು. ಮುಟ್ಟಿದ ಪ್ರತಿ ಲೋಟದ ಮೇಲೂ ಉಳಿದುಹೋಗುವ, ಜನ್ಮದಲ್ಲಿ ಒಮ್ಮೆಯೂ ಬದಲಿಸಲಾಗದ ಬೆರಳಚ್ಚಿಗೆ ಎರಡೂ ಗುಣಗಳಿಲ್ಲ. ಜೆಲಾಟಿನ್‌ನಿಂದ ಮಾಡಿದ ಕೃತಕ ಬೆರಳು ಅಂದಿನ ಅನೇಕ ಸ್ಕ್ಯಾನರುಗಳನ್ನು ಮೋಸಗೊಳಿಸಬಲ್ಲದೆಂದು ಜಪಾನಿನ ಸಂಶೋಧಕ ಮಾತ್ಸುಮೋತೊ 2002ರಲ್ಲಿಯೇ ತೋರಿಸಿದ್ದರು.

ಆಧಾರ್ ಆಧಾರಿತ ಪಾವತಿ ವ್ಯವಸ್ಥೆಯಲ್ಲಿ ಹಣ ತೆಗೆಯಲು ಬೇಕಾದುದು ಬ್ಯಾಂಕಿನ ಹೆಸರು, ಆಧಾರ್ ಸಂಖ್ಯೆ ಮತ್ತು ಬೆರಳು. ಪಾಸ್‌ಬುಕ್ಕಾಗಲಿ ಎಟಿಎಂ ಕಾರ್ಡಾಗಲಿ ಒಟಿಪಿಯಾಗಲಿ ಬೇಕಿಲ್ಲ. ಬ್ಯಾಂಕ್ ಶಾಖೆಯಿಲ್ಲದ ಹಳ್ಳಿಯಲ್ಲಿ, 2023ರ ಆಗಸ್ಟ್‌ನಲ್ಲಿ ಆರಂಭವಾದ ಗೃಹಲಕ್ಷ್ಮಿಯ ತಿಂಗಳ 2,000 ರೂಪಾಯಿಯನ್ನು ಕಿರಾಣಿ ಅಂಗಡಿಯಲ್ಲಿ ಕುಳಿತ ಬ್ಯಾಂಕ್ ಮಿತ್ರನ ಬಳಿಯೇ ತೆಗೆದುಕೊಳ್ಳುವ ಅನುಕೂಲ ಇದರಿಂದ ಬಂದಿದೆ. ಆದರೆ ಬೇಕಾದ ಮೂರರಲ್ಲಿ ಆಧಾರ್ ಸಂಖ್ಯೆ ಝೆರಾಕ್ಸ್ ಅಂಗಡಿಯಿಂದ ಸಿಮ್ ಅಂಗಡಿಯವರೆಗೆ ಎಲ್ಲೆಡೆ ಚೆಲ್ಲಿಹೋಗಿದೆ, ಬ್ಯಾಂಕಿನ ಹೆಸರನ್ನು ಊಹಿಸಿ ನೋಡಬಹುದು. ಉಳಿದದ್ದು ಬೆರಳು. ಹೊಲದ ಖರೀದಿ ಪತ್ರವೋ ಅಣ್ಣತಮ್ಮಂದಿರ ವಾಟ್ನಿ ಪತ್ರವೋ ನೋಂದಣಿಯಾಗುವಾಗ ಪಕ್ಷಗಾರರ ಭಾವಚಿತ್ರ, ಸಹಿ ಮತ್ತು ಹೆಬ್ಬೆರಳ ಗುರುತು ಪತ್ರದ ಮೇಲೆಯೇ ಮುದ್ರಿತವಾಗುತ್ತವೆ, ಗುರುತಿನ ಚೀಟಿಯ ವಿವರವೂ ಅದರೊಡನೆ ಸೇರಿರುತ್ತದೆ. ಆ ಪತ್ರ ಸಾರ್ವಜನಿಕ ದಾಖಲೆ, ಹೊಲದ ಉತಾರವನ್ನು ಯಾರು ಬೇಕಾದರೂ ನೋಡಬಹುದಾದಂತೆ ಅದರ ಪ್ರತಿಯನ್ನೂ ಪಡೆಯಬಹುದಿತ್ತು.

ತೆಲಂಗಾಣದಲ್ಲಿ 2018ರಲ್ಲಿ ಸಿಮ್ ಕಾರ್ಡ್ ಮಾರುವವನೊಬ್ಬ ಭೂ ನೋಂದಣಿ ಪತ್ರಗಳಿಂದ ಬೆರಳಚ್ಚುಗಳನ್ನು ತೆಗೆದು, ಅವುಗಳ ನಕಲಿನಿಂದ ಸಾವಿರಾರು ಸಿಮ್‌ಗಳನ್ನು ಚಾಲೂ ಮಾಡಿದ್ದು ಈ ಬಿರುಕನ್ನು ಬಯಲಿಗೆ ತಂದಿತು. ಐದು ವರ್ಷಗಳ ಬಳಿಕ, 2023ರಲ್ಲಿ, ಬೆಂಗಳೂರು ಮತ್ತು ಮಂಗಳೂರಿನಲ್ಲಿ ಆಸ್ತಿ ನೋಂದಣಿ ಮಾಡಿಸಿದವರ ಖಾತೆಗಳಿಂದ ಅವರಿಗೆ ಗೊತ್ತಿಲ್ಲದಂತೆ ಹಣ ಹೋಗತೊಡಗಿ, ನೋಂದಣಿಯ ಕಾವೇರಿ 2.0 ತಂತ್ರಾಂಶದ ಮೂಲಕ ದೊರೆಯುತ್ತಿದ್ದ ಪತ್ರಗಳ ಮೇಲೆ ಸಂದೇಹ ತಿರುಗಿತು. ಆ ವರ್ಷದ ಕೊನೆಯ ತಿಂಗಳುಗಳಲ್ಲಿ ನೋಂದಣಿ ಮತ್ತು ಮುದ್ರಾಂಕ ಇಲಾಖೆ ಆನ್‌ಲೈನಿನ ಪ್ರತಿಗಳಲ್ಲಿ ಬೆರಳಚ್ಚು ಮತ್ತು ಆಧಾರ್ ಸಂಖ್ಯೆಯನ್ನು ಮರೆಮಾಡುವ ಕ್ರಮಕ್ಕೆ ಮುಂದಾಯಿತು. ಒಳ್ಳೆಯ ಕ್ರಮವೇ, ಆದರೆ ಅದಕ್ಕೆ ಮೊದಲು ಹೊರಹೋದ ಪ್ರತಿಗಳಿಗೆ ಅದು ಅನ್ವಯಿಸಲಾರದು.

ಇಲ್ಲಿ ಒಂದು ವಿಪರ್ಯಾಸವಿದೆ. ನೋಂದಣಿ ಕಚೇರಿಯಲ್ಲಿ ಅಚ್ಚು ಸ್ಪಷ್ಟವಾಗಿ ಬರುವವರೆಗೂ ಬೆರಳನ್ನು ಒರೆಸಿ ಮತ್ತೆ ಮತ್ತೆ ಒತ್ತಿಸುತ್ತಾರೆ, ಹಾಗಾಗಿ ಪತ್ರದ ಮೇಲೆ ಉಳಿಯುವುದು ಆ ಬೆರಳಿನ ಅತ್ಯುತ್ತಮ ರೂಪ. ಅದರಿಂದ ತಯಾರಾದ ನಕಲು ತಂಬಾಕು ಮುಟ್ಟುವುದಿಲ್ಲ, ಕಬ್ಬು ಕಡಿಯುವುದಿಲ್ಲ, ಸುಣ್ಣದಲ್ಲಿ ಕೈ ಅದ್ದುವುದಿಲ್ಲ, ಮುಪ್ಪಾಗುವುದಿಲ್ಲ. ಕೆಲಸ ಹೆಚ್ಚಾದಷ್ಟೂ ನಿಜವಾದ ಬೆರಳು ತನ್ನದೇ ದಾಖಲೆಯಿಂದ ದೂರವಾಗುತ್ತ ಹೋಗುತ್ತದೆ, ನಕಲು ಮಾತ್ರ ಹಾಗೆಯೇ ಇರುತ್ತದೆ. ಅಂಕಗಳನ್ನಷ್ಟೇ ನೋಡುವ ಯಂತ್ರಕ್ಕೆ ಒಡತಿಗಿಂತ ಕಳ್ಳನೇ ಹೆಚ್ಚು ನಂಬಿಕಸ್ತನಾಗಿ ಕಾಣುವ ಸಾಧ್ಯತೆ ಹೀಗೆ ಹುಟ್ಟುತ್ತದೆ.

ಇದನ್ನು ತಡೆಯಲು ಯಂತ್ರಕ್ಕೆ ಜೀವಂತಿಕೆಯ ಪರೀಕ್ಷೆಯನ್ನು ಕಲಿಸಲಾಗುತ್ತಿದೆ: ಬೆವರಿನ ರಂಧ್ರ, ಒತ್ತಿದಾಗ ಚರ್ಮ ಹಿಗ್ಗುವ ರೀತಿ, ರಕ್ತ ಚಲನೆಯ ಸುಳಿವು ಇವುಗಳಿಂದ ಜೀವಂತ ಬೆರಳನ್ನು ಜಡವಸ್ತುವಿನಿಂದ ಬೇರ್ಪಡಿಸುವುದು. ಗೆರೆಗಳ ಬಿಂದುಗಳನ್ನಷ್ಟೇ ಅಲ್ಲದೆ ಬೆರಳಿನ ಇಡೀ ಚಿತ್ರವನ್ನೂ ಕೃತಕ ಬುದ್ಧಿಮತ್ತೆಯಿಂದ ಪರಿಶೀಲಿಸುವ ವಿಧಾನವನ್ನು ವಿಶಿಷ್ಟ ಗುರುತು ಪ್ರಾಧಿಕಾರ 2023ರ ಫೆಬ್ರುವರಿಯಲ್ಲಿ ಪ್ರಕಟಿಸಿತು. ಮಾಹಿತಿ ಸ್ಕ್ಯಾನರಿನ ಒಳಗೇ ಗೂಢಲಿಪಿಗೆ ತಿರುಗಿ ಹೊರಬರುವ ಎಲ್1 ದರ್ಜೆಯ ಉಪಕರಣಗಳು ಹಳೆಯವುಗಳ ಸ್ಥಾನಕ್ಕೆ ಬಂದಿವೆ. ನಾಗರಿಕರ ಕೈಯಲ್ಲಿಯೂ ಒಂದು ಸಾಧನವಿದೆ: ಆಧಾರ್‌ನ ಜೈವಿಕ ಗುರುತನ್ನು ಮೊಬೈಲಿನಿಂದ ಬೀಗ ಹಾಕಿಟ್ಟು ಬೇಕಾದಾಗ ಮಾತ್ರ ತೆರೆಯುವುದು. ಪೇಟೆಯ ನೌಕರನಿಗೆ ಇದು ಅತ್ಯುತ್ತಮ ರಕ್ಷಣೆ. ಹೊತ್ತು ಹುಟ್ಟುವ ಮುನ್ನ ಕಬ್ಬಿನ ಪಡಕ್ಕೆ ಹೋಗುವ ಹೆಂಗಸಿಗೆ, ಆಧಾರ್‌ಗೆ ಜೋಡಿಸಿದ ಮೊಬೈಲ್ ಇಚಲಕರಂಜಿಯಲ್ಲಿ ದುಡಿಯುವ ಮಗನ ಜೇಬಿನಲ್ಲಿದ್ದರೆ, ಈ ಬೀಗ ಕಳ್ಳನ ಜೊತೆಗೆ ಅವಳ ರೇಷನ್ನಿಗೂ ಬೀಳುತ್ತದೆ.

ಹಣ ಹೋದ ಮೇಲಿನ ಪರಿಹಾರದ ದಾರಿಯೂ ಎಲ್ಲರಿಗೂ ಒಂದೇ ಅಲ್ಲ. ಮೂರನೆಯವರಿಂದ ನಡೆದ ವಂಚನೆಯನ್ನು ಬ್ಯಾಂಕಿನಿಂದ ಸೂಚನೆ ಬಂದ ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ಗ್ರಾಹಕರಿಗೆ ನಷ್ಟದ ಹೊಣೆಯಿಲ್ಲ ಎಂದು ರಿಸರ್ವ್ ಬ್ಯಾಂಕ್ 2017ರ ಜುಲೈನಲ್ಲಿ ವಾಣಿಜ್ಯ ಬ್ಯಾಂಕುಗಳಿಗೂ, ಅದೇ ವರ್ಷದ ಡಿಸೆಂಬರ್‌ನಲ್ಲಿ ಸಹಕಾರಿ ಬ್ಯಾಂಕುಗಳಿಗೂ ಸೂಚಿಸಿದೆ. ಈ ಸೀಮೆಯಲ್ಲಿ ಊರೂರಿಗೂ ಇರುವ ಪತ್ತಿನ ಸಂಘಗಳು ಮತ್ತು ಸೌಹಾರ್ದ ಸಹಕಾರಿಗಳು ಬ್ಯಾಂಕುಗಳಲ್ಲವಾದ್ದರಿಂದ ಆ ಸೂಚನೆಯ ವ್ಯಾಪ್ತಿಗೆ ಬರುವುದಿಲ್ಲ. ದೂರನ್ನು 1930 ಸಂಖ್ಯೆಗೆ ಕರೆ ಮಾಡಿ ದಾಖಲಿಸಬಹುದು, ತಡಮಾಡದೆ ಕರೆ ಮಾಡಿದರೆ ಹಣವನ್ನು ದಾರಿಯಲ್ಲಿಯೇ ತಡೆಹಿಡಿಯುವ ಅವಕಾಶ ಹೆಚ್ಚು. ಆದರೆ ಖುದ್ದಾಗಿ ಬೆಳಗಾವಿಗೆ ಹೋಗಬೇಕಾಗಿ ಬಂದರೆ ಅಥಣಿಯವರಿಗೆ ಅದು ನೂರು ಕಿಲೋಮೀಟರಿಗೂ ಮೀರಿದ ಪಯಣ.

ಖಾಸಗಿತನ ಮೂಲಭೂತ ಹಕ್ಕು ಎಂದು 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ ಸಾರಿತು. ಆ ಪ್ರಕರಣವನ್ನು 2012ರಲ್ಲಿ ಹೂಡಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ, ಆಗ ಅವರಿಗೆ 86 ವರ್ಷ. 2018ರ ಸೆಪ್ಟೆಂಬರ್‌ನಲ್ಲಿ ಬಂದ ಇನ್ನೊಂದು ತೀರ್ಪು ಸರ್ಕಾರದ ಸಹಾಯಧನಕ್ಕೆ ಆಧಾರ್ ಬಳಸುವುದನ್ನು ಎತ್ತಿಹಿಡಿಯಿತು. ಆದ್ದರಿಂದ ಖಾಸಗಿತನದ ಹಕ್ಕು ಇದ್ದರೂ ಬೆರಳು ಕೊಡುವುದೋ ಬಿಡುವುದೋ ಎಂಬ ಆಯ್ಕೆ ಸಹಾಯಧನದ ಮೇಲೆ ಬದುಕುವವರಿಗೆ ವಾಸ್ತವದಲ್ಲಿ ಇಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ ಸಹಾಯಧನ ಮತ್ತು ಸೌಲಭ್ಯಗಳಿಗಾಗಿ ಸರ್ಕಾರ ಮಾಹಿತಿ ಬಳಸುವಾಗ ಪ್ರತಿ ಬಾರಿ ಸಮ್ಮತಿ ಕೇಳಬೇಕೆಂದು ಒತ್ತಾಯಿಸುವುದಿಲ್ಲ. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿದ್ದು, ಮಾಹಿತಿ ಸೋರಿಕೆಯನ್ನು ಸಂಬಂಧಪಟ್ಟ ವ್ಯಕ್ತಿಗೆ ತಿಳಿಸಬೇಕೆಂಬುದೂ ಸೇರಿದಂತೆ ಮುಖ್ಯ ಬಾಧ್ಯತೆಗಳಿಗೆ 18 ತಿಂಗಳ ಕಾಲಾವಕಾಶ ನೀಡಲಾಗಿದೆ.

ಈ ನಡುವೆ ಬೆರಳಿನ ಜಾಗಕ್ಕೆ ಮುಖ ಬರುತ್ತಿದೆ. ಪಿಎಂ ಕಿಸಾನ್ ಫಲಾನುಭವಿಗಳು 2023ರಿಂದ ಮೊಬೈಲ್ ಕ್ಯಾಮೆರಾಕ್ಕೆ ಮುಖ ತೋರಿಸಿ ಗುರುತು ದೃಢಪಡಿಸಬಹುದು. ಅಂಗನವಾಡಿಗಳಲ್ಲಿ ಗರ್ಭಿಣಿ, ಬಾಣಂತಿಯರು ಮತ್ತು ಮಕ್ಕಳಿಗೆ ಮನೆಗೆ ಕೊಡುವ ಪೌಷ್ಟಿಕ ಆಹಾರಕ್ಕೆ 2025ರ ಜುಲೈನಿಂದ ಮುಖ ಗುರುತಿಸುವಿಕೆಯನ್ನು ಕಡ್ಡಾಯ ಮಾಡಲಾಗಿದೆ. ಬೀಡಿ ಕಟ್ಟಿದರೆ ಮುಖದ ಲಕ್ಷಣ ಅಳಿಸುವುದಿಲ್ಲವಾದ್ದರಿಂದ ನಿಪ್ಪಾಣಿಯ ಹೆಂಗಸರಿಗೆ ಇದರಿಂದ ನಿಜವಾದ ಅನುಕೂಲವಿದೆ. ಆದರೆ ಬೆಳಕು, ಕ್ಯಾಮೆರಾದ ಗುಣಮಟ್ಟ, ನೆಟ್‌ವರ್ಕ್ ಮತ್ತು ವಯಸ್ಸಿನೊಡನೆ ಬದಲಾಗುವ ಚಹರೆ ಇಲ್ಲಿಯೂ ಅಂಕಗಳನ್ನು ಏರಿಳಿಸುತ್ತವೆ, ಒಪ್ಪಿಗೆ ತಿರಸ್ಕಾರಗಳ ನಡುವಿನ ಗಡಿಯನ್ನು ಯಾರಾದರೂ ಎಲ್ಲಿಯಾದರೂ ಇಡಲೇಬೇಕಾಗುತ್ತದೆ. ಬೆರಳಚ್ಚನ್ನು ನಕಲು ಮಾಡಲು ಒಂದು ಪತ್ರವೋ ಮುಟ್ಟಿದ ಲೋಟವೋ ಕೈಗೆ ಸಿಗಬೇಕಿತ್ತು, ಮುಖವಾದರೋ ಸಂತೆಯಲ್ಲಿ, ಜಾತ್ರೆಯಲ್ಲಿ, ಮದುವೆಯ ವಿಡಿಯೊದಲ್ಲಿ, ವಾಟ್ಸಾಪ್‌ನ ಚಿತ್ರದಲ್ಲಿ ಮೊದಲೇ ಹಂಚಿಹೋಗಿರುತ್ತದೆ.